ಹಲ್ ಹೌಸ್‌ನಲ್ಲಿ ಉಳಿದದ್ದು ಯಾರ ಸಾಮಾನು?

ಶಿಕಾಗೋದ ಬ್ಲೂ ಲೈನ್ ರೈಲಿನಲ್ಲಿ ಯುಐಸಿ-ಹಾಲ್‌ಸ್ಟೆಡ್ ಸ್ಟೇಷನ್ನಿಗೆ ಇಳಿದು ಸ್ವಲ್ಪ ನಡೆದರೆ ಈಗ ಮ್ಯೂಸಿಯಂ ಆಗಿರುವ ಹಲ್ ಹೌಸ್ ಸಿಗುತ್ತದೆ. ಕೆಂಪು ಇಟ್ಟಿಗೆಯ ಹಳೇ ಮನೆ, ಎತ್ತರದ ಕಿಟಕಿಗಳು, ಪಕ್ಕದಲ್ಲಿ ಇನ್ನೊಂದು ಕಟ್ಟಡ. ಸುತ್ತ ಕಾಂಕ್ರೀಟಿನ ಯೂನಿವರ್ಸಿಟಿ. ಮನೆಯ ಎದುರು ದೊಡ್ಡ ರಸ್ತೆ. ಮೊದಲ ಸಲ ನೋಡಿದವರಿಗೆ ಇದು ಯಾವುದೋ ಸಾಹುಕಾರನ ತೋಟದ ಮನೆ ಅನ್ನಿಸುತ್ತದೆ. ಅದು ಸರಿಯೇ. 1856ರಲ್ಲಿ ಚಾರ್ಲ್ಸ್ ಹಲ್ ಅನ್ನುವ ಸಾಹುಕಾರ ಇದನ್ನು ಕಟ್ಟಿಸಿದಾಗ ಇದು ಊರ ಹೊರಗೇ ಇತ್ತು.

ಆದರೆ ನಾವು ಟಿಕೆಟ್ಟಿಲ್ಲದೆ ಒಳಗೆ ಹೋಗಿ ನೋಡುವುದು ಹಲ್ ಸಾಹುಕಾರನ ಕಥೆಯನ್ನಲ್ಲ. 1889ರ ಸೆಪ್ಟೆಂಬರ್ 18ಕ್ಕೆ ಸಮಾಜಸೇವಕಿ ಜೇನ್ ಆಡಮ್ಸ್ ಮತ್ತು ಅವರ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಇಲ್ಲಿಗೆ ಬಂದು ಸೇರಿಕೊಂಡರು. ಅಷ್ಟರಲ್ಲಿ ಊರು ಬೆಳೆದು ಈ ಮನೆಯನ್ನು ನುಂಗಿತ್ತು. ಸುತ್ತ ಇಟಲಿಯವರು, ಬೊಹೀಮಿಯಾದವರು, ರಷ್ಯಾದಿಂದ ಬಂದ ಯಹೂದಿಗಳು, ಐರಿಷರು. ಒಂದು ಪಕ್ಕದಲ್ಲಿ ಹೆಂಡದಂಗಡಿ, ಇನ್ನೊಂದು ಪಕ್ಕದಲ್ಲಿ ಶವಪೆಟ್ಟಿಗೆಯ ಅಂಗಡಿ. ಅಟ್ಟದಲ್ಲಿ ದೆವ್ವ ಇದೆ ಅಂತ ಹಿಂದಿನ ಬಾಡಿಗೆದಾರರು ನಂಬಿದ್ದರಂತೆ. ದೆವ್ವ ನೀರು ದಾಟುವುದಿಲ್ಲ ಅಂತ ಅಟ್ಟದ ಮೆಟ್ಟಿಲ ಮೇಲೆ ನೀರಿನ ಹೂಜಿ ಇಡುತ್ತಿದ್ದರಂತೆ! ನಮ್ಮ ಕಡೆಯವರಿಗೆ ಇದೇನು ಹೊಸದಲ್ಲ ಬಿಡಿ.

ಆಡಮ್ಸ್‌ಗೆ ಆಗ 29 ವರ್ಷ. ಅಪ್ಪ ಹಿಟ್ಟಿನ ಗಿರಣಿಯ ಮಾಲೀಕ, ಇಲಿನಾಯ್ ರಾಜ್ಯದ ಸೆನೆಟರ್. ಓದಿದವರು ಬಡವರ ನಡುವೆ ಬಂದು ಇರುತ್ತಿದ್ದ ಲಂಡನ್ನಿನ ಟಾಯ್ನ್‌ಬಿ ಹಾಲ್ ನೋಡಿ ಬಂದ ಮೇಲೆ ಬಡವರ ಕೇರಿಯಲ್ಲೇ ಮನೆ ಮಾಡಿಕೊಂಡು ನೆರೆಯವರಾಗಿ ಬದುಕಬೇಕು ಅನ್ನುವ ಹುಚ್ಚು ಹಿಡಿಯಿತು. ಮುಂದೆ ಶಿಶುವಿಹಾರ, ರಾತ್ರಿ ತರಗತಿ, ಸ್ನಾನದ ಮನೆ, ಸಂಗೀತ ಶಾಲೆ, ನಾಟಕ, ಎಲ್ಲ ಸೇರಿ ಒಂದು ಮನೆ ಹದಿಮೂರು ಕಟ್ಟಡವಾಯಿತು. 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಇಷ್ಟು ಎಲ್ಲ ಕಡೆ ಸಿಗುತ್ತದೆ. ನನಗೆ ಹೇಳಬೇಕಿರುವುದು ಬೇರೆ.

ಹದಿಮೂರು ಕಟ್ಟಡದಲ್ಲಿ ಈಗ ಉಳಿದಿರುವುದು ಎರಡೇ. ಮೂಲ ಮನೆ, ಮತ್ತೆ 1905ರ ಊಟದ ಹಾಲ್. 1961ರಲ್ಲಿ ಮೇಯರ್ ರಿಚರ್ಡ್ ಡೇಲಿ ಯೂನಿವರ್ಸಿಟಿಗೆ ಈ ಕೇರಿಯನ್ನೇ ಆರಿಸಿದರು. ಫ್ಲಾರೆನ್ಸ್ ಸ್ಕಾಲಾ ಅನ್ನುವ ಹೆಂಗಸು, ಟೇಲರ್ ಬೀದಿಯ ದರ್ಜಿಯ ಮಗಳು, ಚಿಕ್ಕಂದಿನಲ್ಲಿ ಹಲ್ ಹೌಸ್‌ನಲ್ಲೇ ಆಡಿ ಬೆಳೆದವರು, ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಸಿಟಿ ಹಾಲ್‌ನಲ್ಲಿ ಧರಣಿ ಕೂತರು, ಕೋರ್ಟಿಗೂ ಹೋದರು. 1963ರಲ್ಲಿ ಸೋತರು. ಸ್ಕಾಲಾಗೆ ಮೇಯರ್ ಮೇಲೆ ಇದ್ದಷ್ಟೇ ಸಿಟ್ಟು ಹಲ್ ಹೌಸ್ ಟ್ರಸ್ಟಿಗಳ ಮೇಲೂ ಇತ್ತು. ಕೇರಿಯ ಪರ ನಿಲ್ಲಬೇಕಾದ ಆ ದೊಡ್ಡ ಮನೆತನದ ಜನ ಕೈಬಿಟ್ಟರು ಅಂತ ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಸಾವಿರಾರು ಜನ ಮನೆ ಖಾಲಿ ಮಾಡಿದರು, ನೂರಾರು ಅಂಗಡಿ ಮುಚ್ಚಿದವು, 1965ಕ್ಕೆ ಕ್ಯಾಂಪಸ್ ಶುರುವಾಯಿತು, 1967ಕ್ಕೆ ಮ್ಯೂಸಿಯಂ ತೆರೆಯಿತು.

ಆ ಹೊತ್ತಲ್ಲಿ ಇನ್ನೊಂದು ಕೆಲಸವಾಯಿತು. ಹಲ್ ಹೌಸ್ ಬೆಳೆಯುತ್ತಾ ಮೂಲ ಮನೆಗೆ ಒಂದು ಮೂರನೇ ಮಹಡಿ ಸೇರಿಕೊಂಡಿತ್ತು. ರಿಪೇರಿ ಮಾಡುವಾಗ ಆ ಮಹಡಿಯನ್ನು ತೆಗೆದು ಮನೆಯನ್ನು ಮೊದಲಿನ ರೂಪಕ್ಕೆ ತಂದರು. ಅಂದರೆ, ಜನ ಬಂದು ಹೋಗಿ ಮಾಡುತ್ತಿದ್ದ ಕಾಲದ ರೂಪ ಹೋಗಿ ಸಾಹುಕಾರನ ಕಾಲದ ರೂಪ ಬಂತು. ಮನೆ ಚೆಂದ ಕಾಣುತ್ತದೆ, ನಿಜ. ಆದರೆ ಈ ಮನೆ ಹೆಸರು ಮಾಡಿದ್ದು ಆ ರೂಪದಲ್ಲಲ್ಲ.

ಹೀಗಾಗಿ ಈಗ ಒಳಗೆ ಹೋದರೆ ಕಾಣುವುದು ಆಡಮ್ಸ್ ಅವರ ಮಲಗುವ ಕೋಣೆ, ಅವರ ಮೇಜು, ಅವರ ಗೆಳತಿ ಮೇರಿ ರೋಜೆಟ್ ಸ್ಮಿತ್ ಅವರ ಚಿತ್ರ. ನೆರೆಹೊರೆಯವರ ಸಾಮಾನು ಎಲ್ಲಿ? ಅದು ಇಲ್ಲ. ಸಾಮಾನು ಇಟ್ಟುಕೊಳ್ಳಬೇಕಾದರೆ ಅಟ್ಟ ಇರಬೇಕು, ಮನೆ ಸ್ವಂತದ್ದಾಗಿರಬೇಕು, ಮೂರು ತಲೆಮಾರು ಒಂದೇ ಕಡೆ ಇರಬೇಕು. ಬಾಡಿಗೆ ಮನೆ ಬದಲಿಸುತ್ತಾ ಹೋಗುವವರ ಸಾಮಾನು ಸವೆಯುತ್ತದೆ, ಮಾರಿಹೋಗುತ್ತದೆ, ಗುಜರಿಗೆ ಬೀಳುತ್ತದೆ. ನಾನು ದಾವಣಗೆರೆಯವಳು. ನಮ್ಮಜ್ಜ ಅಲ್ಲಿನ ಒಂದು ಹತ್ತಿ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿದವರು. ಅವರದು ಅಂತ ನಮ್ಮ ಹತ್ತಿರ ಇರುವುದು ಒಂದು ಫೋಟೋ ಅಷ್ಟೇ, ಅದೂ ಯಾರದೋ ಮದುವೆಯದು. ಮಿಲ್ಲಿನದು ಏನೂ ಇಲ್ಲ.

ಇತಿಹಾಸದ ಮನೆಗಳಲ್ಲಿ ಈಗಿನ ಕಲಾವಿದರನ್ನು ಕರೆಸಿ ಏನಾದರೂ ಮಾಡಿಸುವುದು ಈಚೆಗೆ ಒಂದು ಫ್ಯಾಷನ್ನೇ ಆಗಿದೆ. ಹೆಚ್ಚಿನ ಕಡೆ ನನಗೆ ಅದು ಹಿಡಿಸುವುದಿಲ್ಲ. ಹಳೇ ಸೋಫಾ ಮೇಲೆ ಹೊಸ ಶಿಲ್ಪ ಇಡುತ್ತಾರೆ, ಪಕ್ಕದಲ್ಲಿ ಅರ್ಥವಾಗದ ನಾಲ್ಕು ಸಾಲು ಬರೆಯುತ್ತಾರೆ, ಮುಗೀತು. ಹಲ್ ಹೌಸ್‌ನಲ್ಲಿ ಮಾತ್ರ ಅದಕ್ಕೆ ಒಂದು ಕಾರಣ ಇದೆ ಅನ್ನಿಸುತ್ತದೆ. ಸಾಮಾನೇ ಇಲ್ಲದವರ ಕಥೆ ಹೇಳಬೇಕಾದರೆ ಯಾರಾದರೂ ಹೊಸದಾಗಿ ಏನನ್ನಾದರೂ ಮಾಡಲೇಬೇಕಲ್ಲ. ಮತ್ತೆ ಈ ಮನೆಗೆ ಅದು ಹೊಸ ಚಾಳಿಯೂ ಅಲ್ಲ.

1900ರಲ್ಲೇ ಇಲ್ಲಿ ಒಂದು ಲೇಬರ್ ಮ್ಯೂಸಿಯಂ ಇತ್ತು. ಪೋಕ್ ಬೀದಿಯಲ್ಲಿ ಒಂದು ದಿನ ಆಡಮ್ಸ್ ನಡೆದು ಹೋಗುತ್ತಿದ್ದಾಗ ಇಟಲಿಯ ಒಬ್ಬ ಮುದುಕಿ ವಠಾರದ ಮೆಟ್ಟಿಲ ಮೇಲೆ ಕೂತು ತಕಲಿಯಲ್ಲಿ ನೂಲುತ್ತಿದ್ದಳಂತೆ. ಹೌದು, ತಕಲಿ, ನಮ್ಮ ಹಿರಿಯರು ಶಾಲೆಯಲ್ಲಿ ನೂತ ಅದೇ ಥರದ್ದು. ಆಡಮ್ಸ್‌ರನ್ನು ಕಂಡು ತಕಲಿ ಎತ್ತಿ ತೋರಿಸಿ, ಇನ್ನಷ್ಟು ನೂಲಾದರೆ ಕಾಲುಚೀಲ ಹೆಣೆಯುತ್ತೇನೆ ಅಂತ ಕೂಗಿ ಹೇಳಿದಳಂತೆ. ಆ ಕೇರಿಯ ಮಕ್ಕಳು ಬಟ್ಟೆ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರು. ಅದೇ ನೂಲು, ಅದೇ ಬಟ್ಟೆ, ಆದರೆ ಅಮ್ಮನ ಕೈಕೆಲಸಕ್ಕೂ ತಮ್ಮ ಮಿಷನ್ನಿಗೂ ಸಂಬಂಧ ಇದೆ ಅನ್ನುವುದು ಅವರಿಗೆ ಹೊಳೆದಿರಲಿಲ್ಲ. ಅದನ್ನು ಕಣ್ಣಿಗೆ ಕಾಣುವಂತೆ ಮಾಡಬೇಕು ಅಂತ ಆಡಮ್ಸ್ ಕೇರಿಯ ಹೆಂಗಸರನ್ನೇ ಕರೆಸಿ ತಕಲಿ, ರಾಟೆ, ಮಗ್ಗ ಎಲ್ಲ ಸಾಲಾಗಿ ಇಡಿಸಿದರು. ನೂಲುವವರು ಗಾಜಿನ ಪೆಟ್ಟಿಗೆಯೊಳಗಿನ ಗೊಂಬೆಗಳಲ್ಲ, ಪಕ್ಕದ ಬೀದಿಯವರು.

ಆಂಜೆಲಿನಾ ಅನ್ನುವ ಹುಡುಗಿಯ ಕಥೆ ಆಡಮ್ಸ್ ತಮ್ಮ ನೆನಪುಗಳಲ್ಲಿ ಹೇಳಿದ್ದಾರೆ. ಅಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು, ಗಿಡ್ಡ ಲಂಗ ಉಟ್ಟು ನೂಲಲಿಕ್ಕೆ ಬರುತ್ತಿದ್ದಳು. ಮಗಳು ಅಡುಗೆ ತರಗತಿಗೆ ಬರುತ್ತಿದ್ದಳು, ಆದರೆ ಬೇರೆ ಬಾಗಿಲಿನಿಂದ. ಆ ಹೆಂಗಸಿನ ಮಗಳು ಅಂತ ಯಾರಿಗೂ ಗೊತ್ತಾಗಬಾರದಲ್ಲ! ಒಂದು ಸಂಜೆ ದೊಡ್ಡ ಜನ ಅಮ್ಮನ ಸುತ್ತ ನಿಂತು ಹೊಗಳುವುದನ್ನು ಮಗಳು ಕಂಡಳು. ಆಮೇಲೆ ಇಬ್ಬರೂ ಒಂದೇ ಬಾಗಿಲಿನಿಂದ ಬರತೊಡಗಿದರು. ಇಂಗ್ಲಿಷ್ ಬಾರದ ಅಪ್ಪ-ಅಮ್ಮನನ್ನು ಆಫೀಸಿನವರ ಮುಂದೆ ಕರೆದುಕೊಂಡು ಹೋಗಲು ಹಿಂಜರಿದ ಯಾರಿಗೂ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ಆದರೂ ನನಗೆ ಇದರಲ್ಲಿ ಒಂದು ತಕರಾರಿದೆ. ದೊಡ್ಡವರು ಹೊಗಳಿದ ಮೇಲಷ್ಟೇ ಅಮ್ಮನಿಗೆ ಬೆಲೆ ಬಂತಲ್ಲ. ಮತ್ತೆ ತಕಲಿಯನ್ನು ಎಷ್ಟು ಮೆಚ್ಚಿದರೂ ಮಿಷನ್ನಿನ ಮುಂದೆ ಕೂತ ಮಗಳ ಕೂಲಿ ಒಂದು ಪೈಸೆ ಏರುವುದಿಲ್ಲ.

ಕೂಲಿಯ ಲೆಕ್ಕ ಹಿಡಿದವರು ಫ್ಲಾರೆನ್ಸ್ ಕೆಲ್ಲಿ. ಅವರೂ ಇದೇ ಮನೆಯಲ್ಲಿ ಇದ್ದವರು. ಮನೆಮನೆಗೆ ಹೋಗಿ ಯಾರು ಎಷ್ಟು ದುಡಿಯುತ್ತಾರೆ, ಎಲ್ಲಿಂದ ಬಂದವರು ಅಂತ ಬರೆದುಕೊಂಡರು. ಆ ಲೆಕ್ಕದಿಂದ 1895ರಲ್ಲಿ ಎರಡು ನಕ್ಷೆ ಅಚ್ಚಾದವು. ಒಂದರಲ್ಲಿ ದೇಶಕ್ಕೊಂದು ಬಣ್ಣ, ಇನ್ನೊಂದರಲ್ಲಿ ಸಂಬಳಕ್ಕೊಂದು ಬಣ್ಣ. ವಾರಕ್ಕೆ ಐದು ಡಾಲರಿಗಿಂತ ಕಮ್ಮಿ ದುಡಿಯುವ ಸಂಸಾರಕ್ಕೆ ಕಪ್ಪು. ನನಗೆ ಹಲ್ ಹೌಸ್‌ಗೆ ಸಂಬಂಧಿಸಿದ ವಸ್ತುಗಳಲ್ಲಿ ಎಲ್ಲಕ್ಕಿಂತ ಚೆಂದ ಕಾಣುವುದು ಈ ನಕ್ಷೆಗಳೇ. ಎಲ್ಲಕ್ಕಿಂತ ಹಿಂಸೆ ಕೊಡುವುದೂ ಅವೇ. ಅಷ್ಟು ಜನರ ಬದುಕು ಚಿಕ್ಕ ಚಿಕ್ಕ ಬಣ್ಣದ ಚೌಕವಾಗಿದೆ, ಹೆಸರಿಲ್ಲ. ಕೆಲ್ಲಿ ಬರೀ ಲೆಕ್ಕ ಬರೆದು ಸುಮ್ನೆ ಕೂರಲಿಲ್ಲ ಅನ್ನುವುದು ಸಮಾಧಾನ. ನಕ್ಷೆ ಅಚ್ಚಾಗುವ ಮೊದಲೇ, 1893ರಲ್ಲಿ ಇಲಿನಾಯ್‌ನಲ್ಲಿ ಕಾರ್ಖಾನೆ ಕಾಯ್ದೆ ಬಂತು: 14 ವರ್ಷದ ಒಳಗಿನ ಮಕ್ಕಳು ಕಾರ್ಖಾನೆಯಲ್ಲಿ ಕೆಲಸ ಮಾಡುವಂತಿಲ್ಲ, ಹೆಂಗಸರಿಗೆ ದಿನಕ್ಕೆ ಎಂಟು ಗಂಟೆ ಮಾತ್ರ. ರಾಜ್ಯದ ಮೊದಲ ಮುಖ್ಯ ಕಾರ್ಖಾನೆ ಇನ್‌ಸ್ಪೆಕ್ಟರ್ ಆಗಿ ಕೆಲ್ಲಿಯೇ ನೇಮಕವಾದರು. ಎರಡೇ ವರ್ಷದಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಎಂಟು ಗಂಟೆಯ ಭಾಗವನ್ನು ಹೊಡೆದುಹಾಕಿತು, ಅದು ಬೇರೆ ಮಾತು. 1910ರಲ್ಲಿ ಹಾನಾ ಶಪೀರೋ ಅನ್ನುವ ಹುಡುಗಿ ಪ್ಯಾಂಟಿನ ಜೇಬು ಹೊಲಿಯುವ ಕೂಲಿಯಲ್ಲಿ ಕಾಲು ಸೆಂಟ್ ಕಡಿದರು ಅಂತ ಎದ್ದು ಹೊರನಡೆದಳು. ಒಂದು ಪ್ಯಾಂಟಿಗೆ ನಾಲ್ಕು ಸೆಂಟ್ ಇದ್ದದ್ದು ಮೂರೂ ಮುಕ್ಕಾಲಾಗಿತ್ತು. ಅವಳ ಹಿಂದೆ ಕೊನೆಗೆ ಸುಮಾರು 40,000 ಜನ ಮುಷ್ಕರಕ್ಕೆ ಇಳಿದರು. ಹಲ್ ಹೌಸ್ ಅವರ ಬೆನ್ನಿಗೆ ನಿಂತಿತು.

ಕಸದ ಕಥೆ ಬಿಟ್ಟರೆ ಆಗುವುದಿಲ್ಲ. ಕೇರಿಯ ಕಸ ಎತ್ತುವವರಿಲ್ಲ, ಮಕ್ಕಳು ಸಾಯುತ್ತಿದ್ದಾರೆ ಅಂತ ಗಲಾಟೆ ಮಾಡಿ ಮಾಡಿ 1895ರಲ್ಲಿ ಆಡಮ್ಸ್ ತಾವೇ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಆದರು. ಬೆಳಗ್ಗೆ ಆರಕ್ಕೆ ಎದ್ದು ಕಸದ ಬಂಡಿಯ ಹಿಂದೆ ಹೋಗುತ್ತಿದ್ದರು. ಒಂದು ಸಣ್ಣ ಓಣಿಯಲ್ಲಿ ಕಸ ಎತ್ತುತ್ತಾ ಹೋದಾಗ ಹದಿನೆಂಟು ಇಂಚು ಕೆಳಗೆ ಕಲ್ಲುಹಾಸಿನ ರಸ್ತೆ ಸಿಕ್ಕಿತಂತೆ!

ಇನ್ನು ಎಲೆನ್ ಸ್ಟಾರ್. ಆಡಮ್ಸ್ ಹೆಸರಿನ ಮುಂದೆ ಈಕೆಯ ಹೆಸರು ಕೇಳಿದವರು ಕಮ್ಮಿ. ಆದರೆ ಕಲೆ ಮತ್ತು ಕೂಲಿಯ ಪ್ರಶ್ನೆಯನ್ನು ಮೈಮೇಲೆ ಎಳೆದುಕೊಂಡವರು ಈಕೆಯೇ. ಮೊದಮೊದಲು ಬಡವರಿಗೂ ಒಳ್ಳೇ ಚಿತ್ರ ನೋಡಲು ಸಿಗಬೇಕು ಅನ್ನುತ್ತಿದ್ದರು. 1891ರಲ್ಲಿ ಹಲ್ ಹೌಸ್‌ಗೆ ಸೇರಿಸಿ ಕಟ್ಟಿದ ಮೊದಲ ಕಟ್ಟಡವೇ ಆರ್ಟ್ ಗ್ಯಾಲರಿ. ಊಟಕ್ಕಿಲ್ಲದವರಿಗೆ ಚಿತ್ರವೇ ಅಂತ ಆಗಲೇ ಮೂಗು ಮುರಿದವರು ಇದ್ದಿರಬೇಕು. ಶಾಲೆಗಳಿಗೆ ಚಿತ್ರ ಕೊಡಿಸುವ ಸಂಘ ಕಟ್ಟಿದರು. ಆಮೇಲೆ ನೋಡೋದಷ್ಟೇ ಸಾಲದು, ಕೈಯಿಂದ ಮಾಡಬೇಕು ಅನ್ನಿಸಿ ಇಂಗ್ಲೆಂಡಿಗೆ ಹೋಗಿ ಪುಸ್ತಕಕ್ಕೆ ರಟ್ಟು ಕಟ್ಟುವುದನ್ನು ಕಲಿತು ಬಂದರು. ಇಲ್ಲೇ ಬೈಂಡಿಂಗ್ ಕೋಣೆ ತೆರೆದರು. ಕೆಲಸ ಅಂದರೆ ಅಂಥ ಕೆಲಸ, ಚರ್ಮದ ಮೇಲೆ ಚಿನ್ನದ ಗೆರೆ. ಆದರೆ ಅಂಥ ಪುಸ್ತಕ ಕೊಳ್ಳುವವರು ಯಾರು? ಸಾಹುಕಾರರೇ. ತಾನು ಶ್ರೀಮಂತರಿಗೆ ಆಟಿಕೆ ಮಾಡಿಕೊಡುತ್ತಾ ಕೂತಿದ್ದೇನೆ ಅಂತ ಆಕೆಗೆ ಹೊಳೆಯಿತು. ನಿಧಾನಕ್ಕೆ ಮುಷ್ಕರಗಳ ಕಡೆ ವಾಲಿದರು. 1914ರಲ್ಲಿ ಹೋಟೆಲಿನ ಹೆಣ್ಣು ಸರ್ವರ್‌ಗಳ ಮುಷ್ಕರದಲ್ಲಿ ಬಾಗಿಲ ಮುಂದೆ ನಿಂತು ಪಿಕೆಟಿಂಗ್ ಮಾಡಿ ಪೊಲೀಸರಿಂದ ಬಂಧನಕ್ಕೂ ಒಳಗಾದರು. ತೂಕ ನೋಡಿದರೆ ಗಟ್ಟಿಯಾಗಿ ಗಾಳಿ ಬೀಸಿದರೆ ಹಾರಿಹೋಗುವಂಥ ಹೆಂಗಸು!

ಈಗಿನ ಕಲಾವಿದರು ಈ ಮನೆಗೆ ಬಂದಾಗ ಸ್ಟಾರ್ ಎದುರಿಸಿದ ಪ್ರಶ್ನೆಯನ್ನೇ ಎದುರಿಸುತ್ತಾರೆ. ಎಲ್ಲರೂ ಉತ್ತರ ಕಂಡುಕೊಂಡಿಲ್ಲ. ಟೆರಿ ಕಪ್ಸಾಲಿಸ್ ಅನ್ನುವ ಲೇಖಕಿ ಒಂದು ಒಳ್ಳೇ ಕೆಲಸ ಮಾಡಿದರು. ಮ್ಯೂಸಿಯಂನಲ್ಲಿ ಆಡಮ್ಸ್ ಪ್ರಯಾಣಕ್ಕೆ ಒಯ್ಯುತ್ತಿದ್ದ ಒಂದು ಔಷಧಿ ಪೆಟ್ಟಿಗೆ ಇದೆ. ಸಾಮಾನ್ಯವಾಗಿ ಅಂಥದ್ದಕ್ಕೆ ಎರಡು ಸಾಲಿನ ಚೀಟಿ ಅಂಟಿಸುತ್ತಾರೆ. ಕಪ್ಸಾಲಿಸ್ ಬರೆದ ಚೀಟಿ ಒಂದು ಕಿರುಪುಸ್ತಕವಷ್ಟು ಉದ್ದ. ಎರಡು ಸಾಲಲ್ಲಿ ಹೇಳಿ ಮುಗಿಸಿದರೆ ಪೆಟ್ಟಿಗೆಯ ಒಡತಿಯ ಹೆಸರು ಮಾತ್ರ ಉಳಿಯುತ್ತದೆ. ಉದ್ದಕ್ಕೆ ಬರೆಯಲು ಕೂತರೆ ಯಾರ ಕಾಯಿಲೆ, ಯಾರಿಗೆ ಔಷಧಿ, ಯಾರಿಗೆ ವಿಶ್ರಾಂತಿ ಅನ್ನುವ ಪ್ರಶ್ನೆಗಳು ಏಳುತ್ತವೆ. ಆಡಮ್ಸ್ ಯುವತಿಯಾಗಿದ್ದಾಗ ಬೆನ್ನುನೋವು, ಮನಸ್ಸಿನ ಬಳಲಿಕೆ ಅಂತ ದೊಡ್ಡ ಡಾಕ್ಟರ ಹತ್ತಿರ ಮಲಗಿ ವಿಶ್ರಾಂತಿ ಪಡೆಯುವ ಚಿಕಿತ್ಸೆ ಮಾಡಿಸಿಕೊಂಡವರು. ಅದೇ ಮನೆಯಲ್ಲಿ ಮುಂದೆ ಇದ್ದ ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ ಸೀಸದ ವಿಷ ಮೈಗೇರಿದ ಕಾರ್ಖಾನೆಯ ಕೂಲಿಗಳನ್ನು ಹುಡುಕಿಕೊಂಡು ಹೋದವರು. ಆ ಕೂಲಿಗಳಿಗೆ ಮಲಗುವ ಚಿಕಿತ್ಸೆ ಎಲ್ಲಿಂದ ಬರಬೇಕು?

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಆರಂ ಹಾನ್ ಸಿಫುಯೆಂತೆಸ್ ಅವರ ಕೆಲಸ. ಕೊರಿಯಾದಿಂದ ಬಂದ ಸಂಸಾರ. ಹೊಲಿಗೆ ಕೆಲಸದ ಅಮ್ಮನಿಂದ ಆರು ವರ್ಷಕ್ಕೇ ಸೂಜಿ ಹಿಡಿಯುವುದನ್ನು ಕಲಿತವರು. ಇವರು ಅಮೆರಿಕದ ಪೌರತ್ವ ಇಲ್ಲದವರನ್ನು ಸೇರಿಸಿ, ಪೌರತ್ವ ಪರೀಕ್ಷೆಯಲ್ಲಿ ಆಗ ಇದ್ದ ನೂರು ಪ್ರಶ್ನೆಗಳನ್ನು ಬಟ್ಟೆಯ ಮೇಲೆ ಕಸೂತಿ ಹಾಕಿಸಿದರು. ಹಿಂದೆ ಈ ದೇಶದ ಹೆಣ್ಣುಮಕ್ಕಳು ಅಕ್ಷರ ಕಲಿಯುತ್ತಾ ಹಾಕುತ್ತಿದ್ದ ಕಸೂತಿಯ ಮಾದರಿಯೇ. ಪ್ರಶ್ನೆಯೂ ಬಾಯಿಪಾಠವಾಗುತ್ತದೆ, ಬಟ್ಟೆಯೂ ಆಗುತ್ತದೆ. ಒಂದೊಂದು ಬಟ್ಟೆಗೂ ಬೆಲೆ, ಪೌರತ್ವದ ಅರ್ಜಿಗೆ ಸರ್ಕಾರ ಎಷ್ಟು ಫೀಸು ಕೇಳುತ್ತದೋ ಅಷ್ಟೇ. ಮಾರಿದರೆ ಆ ದುಡ್ಡು ಹೊಲಿದವರಿಗೆ. ಎಲೆನ್ ಸ್ಟಾರ್ ಇದ್ದಿದ್ದರೆ ಇದನ್ನು ಎರಡು ಸಲ ಮುಟ್ಟಿ ನೋಡುತ್ತಿದ್ದರು ಅನ್ನಿಸುತ್ತದೆ. ಇದನ್ನೂ ಕೊಳ್ಳುವವರು ದುಡ್ಡಿದ್ದವರೇ, ಆದರೆ ಆ ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದು ಕಲಾಕೃತಿಯ ಒಳಗೇ ಬರೆದಿದೆ.

2016ರ ಚುನಾವಣೆಯ ಹೊತ್ತಿಗೆ ಇದೇ ಕಲಾವಿದೆ ಹಲ್ ಹೌಸ್‌ನಲ್ಲಿ ಒಂದು ಮತಗಟ್ಟೆ ಹೂಡಿದರು. ಕಾನೂನು ಪ್ರಕಾರ ಮತ ಹಾಕಲಾಗದವರಿಗಾಗಿ. ಪೌರತ್ವ ಇಲ್ಲದವರು, ಹದಿನೆಂಟು ತುಂಬದವರು, ಜೈಲಿನಲ್ಲಿರುವವರು. ಬಣ್ಣದ ಬಟ್ಟೆಯ ಬ್ಯಾನರುಗಳು, ಮತಪತ್ರ, ಮತಪೆಟ್ಟಿಗೆ, ಎಲ್ಲ ಇದ್ದವು, ಎಣಿಕೆಗೆ ಮಾತ್ರ ಬರುವುದಿಲ್ಲ. ಇದರ ಬಗ್ಗೆ ಓದಿದಾಗ ನಾನು ಮೊದಲು ನಕ್ಕೆ. ನಾಟಕ ಅಲ್ವಾ ಇದು? ಆಮೇಲೆ ನಮ್ಮದೇ ಜನ ನೆನಪಾದರು. ಶಿಕಾಗೋ ಹೊರವಲಯದ ನೇಪರ್‌ವಿಲ್, ಶಾಂಬರ್ಗ್ ಕಡೆ ಎಚ್‌1ಬಿ ವೀಸಾದ ಮೇಲೆ ಬಂದು, ಮನೆ ಕೊಂಡು, ತೆರಿಗೆ ಕಟ್ಟಿ, ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತ ಕನ್ನಡದವರು. ಊರಿನ ವೋಟೂ ತಪ್ಪಿತು, ಇಲ್ಲಿನದೂ ಇಲ್ಲ. ಮಕ್ಕಳ ಶಾಲೆಯ ಬೋರ್ಡಿನ ಚುನಾವಣೆಗೆ ಅಕ್ಕಪಕ್ಕದವರ ಮನೆ ಮುಂದೆ ಬೋರ್ಡು ನೆಟ್ಟಾಗ ನಾವು ಸುಮ್ನೆ ನೋಡಿಕೊಂಡು ಹೋಗುತ್ತೇವೆ. ಇದನ್ನು ಕಷ್ಟ ಅಂತ ಹೇಳಿಕೊಳ್ಳಲು ನಮಗೆ ನಾಚಿಕೆ, ಯಾಕೆಂದರೆ ಸಂಬಳ ಚೆನ್ನಾಗಿದೆ. ಹಾಗಂತ ಆ ಇಟಲಿಯ ಮುದುಕಿಗೂ ನಮಗೂ ಒಂದೇ ಪಾಡು ಅನ್ನುವುದು ಅತಿಯಾಗುತ್ತದೆ. ಕೆಲ್ಲಿಯ ನಕ್ಷೆಯಲ್ಲಿ ನಮಗೆ ಕಪ್ಪು ಬಣ್ಣ ಬರುವುದಿಲ್ಲ. ಆದರೆ ಆ ಮತಗಟ್ಟೆಯ ಸಾಲಿನಲ್ಲಿ ನಾವೂ ನಿಲ್ಲಬಹುದಿತ್ತು, ಹೋಟೆಲಿನ ಅಡುಗೆಮನೆಯಲ್ಲಿ ಕಾಗದಪತ್ರ ಇಲ್ಲದೆ ದುಡಿಯುವ ಮೆಕ್ಸಿಕೋದವನ ಹಿಂದೆ ಅಥವಾ ಮುಂದೆ. ಒಂದೇ ಸಾಲಿನಲ್ಲಿ ನಿಲ್ಲುವ ಅವಕಾಶ ನಮಗೂ ಅವನಿಗೂ ಬೇರೆಲ್ಲಿ ಸಿಗುತ್ತದೆ?

ವಸ್ತು ಇಲ್ಲದಿದ್ದರೂ ಮಾತು ಉಳಿಯುತ್ತದೆ ಅನ್ನುವುದಕ್ಕೆ ಇಲ್ಲಿ ಒಂದು ವಿಚಿತ್ರ ಕಥೆ ಇದೆ. 1913ರಲ್ಲಿ ಹಲ್ ಹೌಸ್‌ನಲ್ಲಿ ಕೊಂಬು, ಬಾಲ ಇರುವ ಸೈತಾನ್ ಮಗು ಇದೆ ಅಂತ ಊರೆಲ್ಲ ಸುದ್ದಿ. ಇಟಲಿಯವರ ಕಥೆಯಲ್ಲಿ, ದೇವರ ಪಟ ಹರಿದು ಇದಕ್ಕಿಂತ ಸೈತಾನನೇ ಮನೆಯಲ್ಲಿರಲಿ ಅಂದ ಗಂಡನಿಗೆ ಹುಟ್ಟಿದ್ದು. ಯಹೂದಿಗಳ ಕಥೆಯಲ್ಲಿ, ಇನ್ನೂ ಒಂದು ಹೆಣ್ಣು ಹುಟ್ಟುವುದಕ್ಕಿಂತ ಸೈತಾನ ಹುಟ್ಟಲಿ ಅಂದ ಅಪ್ಪನಿಗೆ. ಆರು ವಾರ ಜನ ಬಂದೇ ಬಂದರು, ಮಗು ತೋರಿಸಿ ಅಂತ. ಆಡಮ್ಸ್ ಬಂದ ಮುದುಕಿಯರನ್ನು ಓಡಿಸದೆ ಮಾತಾಡಿಸಿದರು. ಹೊಡೆಯುವ ಗಂಡ, ಕೈಬಿಟ್ಟ ಮಕ್ಕಳು, ಸತ್ತ ಕೂಸುಗಳು, ಎಲ್ಲ ಹೊರಬಂತು. ಗಂಡಸರನ್ನು ಹದ್ದಿನಲ್ಲಿಡಲು ಈ ಸೈತಾನ್ ಮಗು ಹೆಂಗಸರ ಕೈಗೆ ಸಿಕ್ಕ ಕೋಲು ಅಂತ ಆಡಮ್ಸ್‌ಗೆ ಅರ್ಥವಾಯಿತು. ಕಪ್ಪು ಚೌಕದೊಳಗೆ ಇದ್ದವರ ಮಾತು ಇಷ್ಟು ಹತ್ತಿರದಿಂದ ನಮಗೆ ಸಿಗುವುದು ಕಮ್ಮಿ.

ಈಗ ಮೆಚ್ಚದ ಮಾತು. ಹಲ್ ಹೌಸ್‌ನ ಈಗಿನ ಪ್ರದರ್ಶನಗಳಲ್ಲಿ ಓದುವುದು ಜಾಸ್ತಿ, ಅದೂ ಯೂನಿವರ್ಸಿಟಿಯ ಭಾಷೆಯಲ್ಲಿ. ರಾತ್ರಿ ಶಾಲೆಗೆ ಬಂದು ಇಂಗ್ಲಿಷ್ ಕಲಿತವರ ಮನೆಯಲ್ಲಿ ಗೋಡೆಯ ಮೇಲಿನ ಬರಹ ಕಾಲೇಜು ಓದಿದವರಿಗೇ ತ್ರಾಸು ಕೊಡುವಂತಿದ್ದರೆ ಏನು ಚೆಂದ? ಊಟದ ಹಾಲ್‌ನಲ್ಲಿ 2008ರಿಂದ ಕೆಲವು ವರ್ಷ ಎಲ್ಲರಿಗೂ ಪುಕ್ಕಟೆ ಸೂಪು ಕೊಟ್ಟು ಊಟ, ಬೆಳೆ, ಕೂಲಿ ಅಂತ ಮಾತಾಡುವ ಕೂಟ ನಡೆಸುತ್ತಿದ್ದರು. ನನಗೆ ಗೋಡೆಬರಹಕ್ಕಿಂತ ಅದೇ ಹಲ್ ಹೌಸ್‌ಗೆ ಹತ್ತಿರ ಅನ್ನಿಸುತ್ತದೆ. ಇನ್ನೊಂದು: ಈಗ ಇದೇ ಊರಿನಲ್ಲಿ ಕಸ ಗುಡಿಸುವವರ, ಗೋದಾಮುಗಳಲ್ಲಿ ಪ್ಯಾಕಿಂಗ್ ಮಾಡುವವರ ಮಾತು ನನ್ನ ಕಿವಿಗೆ ಇಲ್ಲಿ ಅಷ್ಟಾಗಿ ಬೀಳಲಿಲ್ಲ. ನೂರು ವರ್ಷ ಹಳೆಯ ಕೂಲಿಯ ಮೇಲೆ ಪ್ರೀತಿ ಬರುವುದು ಸುಲಭ.

ಆಡಮ್ಸ್ ಕಟ್ಟಿದ ಸಂಸ್ಥೆ ಬೇರೆ ಕಡೆಗಳಲ್ಲಿ ಸೇವೆ ಮುಂದುವರಿಸಿತ್ತು. 2012ರ ಜನವರಿಯಲ್ಲಿ ದುಡ್ಡಿಲ್ಲದೆ ಬಾಗಿಲು ಹಾಕಿತು. ಹೀಗೆ ಸೇವೆ ಹೋಯಿತು, ಮ್ಯೂಸಿಯಂ ಉಳಿಯಿತು.

2025ರ ಏಪ್ರಿಲ್‌ನಲ್ಲಿ ಟೇಲರ್ ಬೀದಿಯಲ್ಲಿ ಇನ್ನೊಂದು ಮ್ಯೂಸಿಯಂ ತೆರೆಯಿತು, ನ್ಯಾಷನಲ್ ಪಬ್ಲಿಕ್ ಹೌಸಿಂಗ್ ಮ್ಯೂಸಿಯಂ ಅಂತ. 1938ರಲ್ಲಿ ಸರ್ಕಾರ ಬಡವರಿಗೆ ಕಟ್ಟಿದ ಜೇನ್ ಆಡಮ್ಸ್ ಹೋಮ್ಸ್ ವಸತಿಯಲ್ಲಿ ಕೆಡವದೆ ಉಳಿದ ಒಂದೇ ಕಟ್ಟಡ ಅದರ ಜಾಗ. ಅಂಗಳದಲ್ಲಿ ಎಡ್ಗರ್ ಮಿಲ್ಲರ್ ಕೆತ್ತಿದ ಕಲ್ಲಿನ ಪ್ರಾಣಿಗಳಿವೆ. ಅಲ್ಲಿದ್ದ ಮಕ್ಕಳು ಅವುಗಳ ಮೇಲೆ ಹತ್ತಿ ಕೂತು ಬೆಳೆದವರು. ಒಳಗೆ ಅಂಥ ವಸತಿಗಳಲ್ಲಿ ಇದ್ದವರು ತಂದುಕೊಟ್ಟ ದಿನಬಳಕೆಯ ಸಾಮಾನುಗಳಿವೆ, ಅವುಗಳ ಚೀಟಿಯನ್ನು ಕೊಟ್ಟವರೇ ಬರೆದಿದ್ದಾರೆ. ಹಲ್ ಹೌಸ್‌ನಿಂದ ಅಲ್ಲಿಗೆ ನಡೆದೇ ಹೋಗಬಹುದು. ಶಿಕಾಗೋಗೆ ಬರುವವರು ಎರಡನ್ನೂ ಒಂದೇ ದಿನ ನೋಡಿ, ಆದರೆ ಮೊದಲು ಟೇಲರ್ ಬೀದಿಗೆ ಹೋಗಿ, ಆ ಚೀಟಿಗಳನ್ನು ಓದಿಕೊಂಡು ಆಮೇಲೆ ಹಲ್ ಹೌಸ್‌ಗೆ ಬನ್ನಿ. ಆಡಮ್ಸ್ ಕೋಣೆಯಲ್ಲಿ ಏನಿದೆ ಅನ್ನುವುದಕ್ಕಿಂತ ಅಲ್ಲಿ ಏನೇನಿಲ್ಲ ಅನ್ನುವುದು ಆಗ ಬೇಗ ಕಣ್ಣಿಗೆ ಬೀಳುತ್ತದೆ.